ಕಾಲು ನೋಡುವ ಗಂಗಾಮಣಿ

ಗಂಗಾಮಣಿಯವರು ಯಾರನ್ನು ಕಂಡರೂ ಮೊದಲು ನೋಡುವುದು ಕಾಲು. ಬಸ್ಸಿನಲ್ಲಿ ಎದುರು ಕುಳಿತವರ ಹಿಮ್ಮಡಿಯ ಬಿರುಕು, ಮದುವೆಮನೆಯ ಪಂಕ್ತಿಯಲ್ಲಿ ಹಿರಿಯರೊಬ್ಬರ ಹುಳುಕು ಉಗುರು, ಸೊಪ್ಪು ಮಾರುವವಳ ಊದಿಕೊಂಡ ಪಾದ, ಇವೆಲ್ಲ ಕಣ್ಣಿಗೆ ಬಿದ್ದಮೇಲೆಯೇ ಅವರಿಗೆ ಮುಖದ ಪರಿಚಯ. ಸಕಲೇಶಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ, ಸವೆದ ಮಂಡಿಯನ್ನು ಬದಲಿಸಿಕೊಳ್ಳಲು ಬರುವವರನ್ನು ಶಸ್ತ್ರಚಿಕಿತ್ಸೆಗೆ ಸಜ್ಜುಗೊಳಿಸುವ ಹಿರಿಯ ನರ್ಸ್ ಅವರು. ಐದಡಿಗೂ ಕಡಿಮೆ ಎತ್ತರ. ಸಮವಸ್ತ್ರದ ಮೇಲೆ ಹನ್ನೆರಡು ತಿಂಗಳೂ ಬೂದುಬಣ್ಣದ ಸ್ವೆಟರು. ನಡೆದರೆ ಓಡಿದಂತೆ, ಮಾತಿಗೆ ಮೊದಲೊಂದು "ತಾಳಿ, ನೋಡ್ತೀನಿ".

ಈ ಕಣ್ಣು ಅವರಿಗೆ ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವರು ಆಗಿದ್ದ ಬೇರೊಂದು ಊರಿನ ಆಸ್ಪತ್ರೆಗೆ ಬಿಸಿಲೆಯ ಗಿಡ್ಡಯ್ಯ ಎಂಬ ರೈತ ಮಂಡಿ ಬದಲಿಸಿಕೊಳ್ಳಲು ಬಂದಿದ್ದ. ಅವನ ಕಣಕಾಲಿನ ಬಳಿ ಹಸಿಗಾಯವಿದ್ದುದನ್ನು ಗಂಗಾಮಣಿ ಕಂಡಿದ್ದರು; ದೊಡ್ಡವರಿಗೆ ಹೇಳಲು ಅಂಜಿ ಸುಮ್ಮನಾದರು. ಮೂರು ವಾರದಲ್ಲಿ ಹೊಸ ಮಂಡಿ ಕೀವುಗಟ್ಟಿತು. ಲೋಹಕ್ಕೆ ಅಂಟಿಕೊಂಡ ಸೋಂಕು ಯಾವ ಔಷಧಿಗೂ ಬಗ್ಗಲಿಲ್ಲ; ಹಾಕಿದ್ದನ್ನು ತೆಗೆದು, ತಿಂಗಳುಗಟ್ಟಲೆ ಮಲಗಿಸಿ, ಕಡೆಗೆ ಮಡಿಸಲಾಗದ ಕಾಲಿನೊಂದಿಗೆ ಅವನನ್ನು ಊರಿಗೆ ಕಳಿಸಿದರು. ಅಂದಿನಿಂದ ಗಂಗಾಮಣಿ ಸುಮ್ಮನಿರುವುದನ್ನು ಬಿಟ್ಟರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ವನಗೂರಿನ ಕಾಫಿ ಎಸ್ಟೇಟ್ ಮಾಲೀಕ ಶಾಂತಮಲ್ಲಪ್ಪನವರು ಬಂದು ದಾಖಲಾದರು. ಹಾಸನದಿಂದ ವಾರಕ್ಕೊಮ್ಮೆ ಬರುವ ಡಾಕ್ಟರ್ ದಯಾನಂದ ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡುವವರಿದ್ದರು. ಗಂಗಾಮಣಿ ಮಂಚದ ತುದಿಯಲ್ಲಿ ಕುಳಿತು, ಟಾರ್ಚು ಹಾಕಿ, ಕಾಲಿನ ಬೆರಳು ಬೆರಳನ್ನೂ ಬಿಡಿಸಿ ನೋಡಿದರು. ಕಿರುಬೆರಳ ಸಂದಿಯಲ್ಲಿ ಜಿಗಣೆ ಕಚ್ಚಿ, ಕೆರೆದು ಕೆರೆದು ಕೀವಾದ ಗಾಯ. ಆಗತಾನೇ ಬಂದ ರಕ್ತದ ವರದಿಯಲ್ಲಿ ಸಕ್ಕರೆ ಮಿತಿ ಮೀರಿತ್ತು. ದಿಂಬಿನಡಿ ಸಿಗರೇಟಿನ ಪ್ಯಾಕು.

"ಸಾವ್ಕಾರ್ರೇ, ನಾಳೆ ಆಗಾಕಿಲ್ಲ."

"ಏನಮ್ಮ, ಒಂದು ಜಿಗಣೆ ಕಚ್ಚಿದ್ದಕ್ಕೆ ಆಪರೇಷನ್ ನಿಲ್ಲಿಸ್ತೀಯಾ? ನಮ್ ತೋಟದಲ್ಲಿ ಜಿಗಣೆ ಕಚ್ಚದಿರೋ ಕಾಲು ಯಾವ್ದೈತೆ? ಹಣ್ಣು ಕುಯ್ಲಿನ ಹೊತ್ತಿಗೆ ನಾನು ಎದ್ದು ಓಡಾಡ್ಬೇಕು ಕಣಮ್ಮ."

"ಓಡಾಡ್ಲಿ ಅಂತ್ಲೇ ಹೇಳ್ತಿರೋದು. ಈ ಕೀವು ರಕ್ತದಲ್ಲಿ ಹೋಗಿ ಹೊಸ ಮಂಡೀಲಿ ಕೂತ್ಬುಟ್ರೆ, ಅದನ್ನೇ ಕಿತ್ತು ತೆಗೀಬೇಕಾಯ್ತದೆ. ಗಾಯ ಒಣಗ್ಲಿ, ಸಕ್ಕರೆ ಇಳೀಲಿ, ಸಿಗರೇಟು ಬಿಡಿ. ಆಮೇಲೆ ನಾನೇ ಫೋನ್ ಮಾಡಿ ಕರೀತೀನಿ."

ಶಾಂತಮಲ್ಲಪ್ಪನವರು ಆಡಳಿತದವರಿಗೆ ದೂರಿದರು. ಮ್ಯಾನೇಜರು ಬಂದು, ನರ್ಸಿಗೇಕೆ ಈ ಉಸಾಬರಿ ಎಂದು ಗದರಿದರು. ಗಂಗಾಮಣಿ ಕೇಸ್ ಶೀಟಿನ ಮೇಲೆ ಕಂಡದ್ದನ್ನೆಲ್ಲ ಬರೆದು, ಮುಂದೂಡಬೇಕೆಂದು ಸೇರಿಸಿ, ಕೆಳಗೆ ಸಹಿ ಹಾಕಿದರು. ಬೆಳಿಗ್ಗೆ ಡಾಕ್ಟರು ಅದನ್ನು ಓದುವಾಗ, ಗಂಗಾಮಣಿ ಟಾರ್ಚು ಹಿಡಿದು ಮಂಚದ ಬಳಿಯೇ ನಿಂತಿದ್ದರು. ದಯಾನಂದ ಬಗ್ಗಿ ಬೆರಳಸಂದಿಯನ್ನು ತಾವೇ ನೋಡಿದರು.

"ಸಿಸ್ಟರ್ ಬರೆದಿರೋದು ಸರಿ. ಇವತ್ತು ಬೇಡ."

ಶಾಂತಮಲ್ಲಪ್ಪನವರು ಮುನಿಸಿಕೊಂಡೇ ಊರಿಗೆ ಹೊರಟರು. ಆ ಸಲದ ಕುಯ್ಲನ್ನು ಜೀಪಿನಲ್ಲಿ ಕುಳಿತೇ ನೋಡಿದರಂತೆ. ಆದರೆ ಹಟದ ಮನುಷ್ಯ. ಸಿಗರೇಟನ್ನೂ ಅದೇ ಹಟದಿಂದ ಬಿಟ್ಟರು. ಮಾಘದ ಹೊತ್ತಿಗೆ ಗಾಯ ಒಣಗಿ, ಸಕ್ಕರೆ ಹತೋಟಿಗೆ ಬಂದು, ಗಂಗಾಮಣಿಯವರ ಫೋನು ಹೋಯಿತು, ಶಸ್ತ್ರಚಿಕಿತ್ಸೆ ನಡೆಯಿತು. ನಾಲ್ಕು ತಿಂಗಳ ನಂತರ ತಪಾಸಣೆಗೆ ಬಂದವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದು, ಏದುಸಿರಿನಲ್ಲೇ ಹೇಳಿದರು: "ನಿನ್ನೆ ನಮ್ ಗುಡ್ಡದ ತುದಿಗಂಟ ಹತ್ಬುಟ್ಟೆ ಕಣಮ್ಮ. ನಿನ್ ಮೇಲೆ ಭಾಳ ಸಿಟ್ಟಿತ್ತು. ಈಗಿಲ್ಲ."

ಗಂಗಾಮಣಿ ಹೊಲಿಗೆಯ ಗುರುತನ್ನು ಬೆರಳಿನಿಂದ ಸವರಿ ನೋಡಿದರು. ಒಣಗಿದ, ತೆಳುವಾದ, ನೇರ ಗೆರೆ. ತಾವೇ ಹೊಲಿದಷ್ಟು ಹೆಮ್ಮೆಯಾಯಿತು ಅವರಿಗೆ.

ಚಿಕಿತ್ಸೆಯ ಕೀರ್ತಿ ಶಸ್ತ್ರ ಹಿಡಿದ ಕೈಗೆ ಸಲ್ಲುತ್ತದೆ, ಅದು ನ್ಯಾಯವೇ. ಆದರೆ ನಡೆಯದೇ ಹೋದ ಅನಾಹುತಕ್ಕೆ ಸಾಕ್ಷಿಗಳಿರುವುದಿಲ್ಲ. ಇನ್ನೊಬ್ಬರ ಸಿಟ್ಟನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು, ಬೇಡವೆನ್ನಬೇಕಾದ ದಿನ ಬೇಡವೆನ್ನುವ ಇಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಅವರ ದೆಸೆಯಿಂದ ನೆಟ್ಟಗೆ ನಡೆದಾಡುತ್ತಿರುವ ಬಹುಪಾಲು ಜನರಿಗೆ ಅವರ ಹೆಸರೂ ಗೊತ್ತಿರುವುದಿಲ್ಲ.