ಹಿಂದಿನ ಸೀಟಿನ ಹೇಂಟೆ

ಕುಂಬ್ರದ ಕುಂಞಿ ಮೋನು ಕಾರಿನ ಹಿಂಭಾಗ ಕಡಿಸಿದ್ದು ಯಾರಿಗೂ ಕೇಡು ಬಯಸಿ ಅಲ್ಲ. ಅರಂತೋಡಿನ ಧಣಿಯೊಬ್ಬರು ಬೇಡವೆಂದು ಮಾರಿದ ಹಳೆಯ ಹಿಲ್‌ಮನ್ ಅದು. ಕಮ್ಮಾರ ಡೊಂಬಯ್ಯ ಎರಡು ದಿವಸ ಗರಗಸ ಎಳೆದು, ಹಿಂದಿನ ಮಾಡು, ಬಾಗಿಲು, ಸೀಟು ಎಲ್ಲವನ್ನೂ ಒಂದೇ ಗೂಡಾಗಿ ಎತ್ತಿ ಅಂಗಳದ ಮೂಲೆಗಿಟ್ಟು, ಆ ಜಾಗಕ್ಕೆ ಹಲಗೆ ಬಡಿದಿದ್ದ. ಮಳೆ ಹಿಡಿಯುವ ಮೊದಲು ಸುಳ್ಯದ ಮನೆಮನೆಯಲ್ಲೂ ಒಣಮೀನು ತುಂಬಿಸಿಡುತ್ತಾರೆ. ಆ ಮೂರು ವಾರದ ವ್ಯಾಪಾರವೇ ಮೋನುವಿನ ಸಂಸಾರಕ್ಕೆ ವರ್ಷದ ಅನ್ನ. ಕೋಣೆ ತುಂಬ ಗೋಣಿಗಳು ಕಾಯುತ್ತಿದ್ದವು. ಬ್ರೇಕನ್ನು ಮಾತ್ರ ಅವನು ಮಂಗಳೂರಿಂದ ಹೊಸದೇ ತರಿಸಿ ಹಾಕಿಸಿದ್ದ. ದಾರಿಯೆಲ್ಲ ಇಳಿಜಾರು, ಮನೆಯಲ್ಲಿ ಐದು ಮಕ್ಕಳು.

ಗಾಡಿ ಪರೀಕ್ಷಿಸುವ ಅಧಿಕಾರಿಗೆ ಊರಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಹೆಸರು. ಆ ವರ್ಷ ಪುತ್ತೂರಿಗೆ ಬರುತ್ತಿದ್ದವರು ಮಹೇಶ್ವರ. ಮೋನು ಹೊರಟ ಮೊದಲ ದಿನವೇ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆರ್.ಸಿ. ಪುಸ್ತಕ ಬಿಡಿಸಿದರು.

"ಪುಸ್ತಕದಲ್ಲಿ ನಾಲ್ಕು ಸೀಟಿನ ಕಾರು ಉಂಟು. ಇದು ಎಂತದ್ದು ಬ್ಯಾರಿಗಳೇ?"

"ಅದೇ ಇದು ಸ್ವಾಮಿ. ಸ್ವಲ್ಪ ಕಡಿದದ್ದು."

"ಕಡಿಯುವ ಮೊದಲು ಅನುಮತಿ ಕೇಳಬೇಕು."

"ಈಗ ಕೇಳ್ತೇನೆ."

"ಕಡಿಯದ ಕಾರು ತೋರಿಸಿ ಕೇಳಬೇಕು ಮಾರಾಯ್ರೆ!"

ಮನುಷ್ಯ ಕೆಟ್ಟವರಲ್ಲ. ಗುರುವಾರ ತಾವೇ ಕುಂಬ್ರಕ್ಕೆ ಬರುವುದಾಗಿಯೂ, ಅಷ್ಟರಲ್ಲಿ ಕಾರನ್ನು ಮೊದಲಿನ ಹಾಗೆ ಮಾಡಿಟ್ಟರೆ ಕಡಿಯಲಿಕ್ಕೆ ಅನುಮತಿ ಬರೆದುಕೊಡುವುದಾಗಿಯೂ ಹೇಳಿದರು. ಅಲ್ಲಿವರೆಗೆ ರಸ್ತೆಗೆ ಇಳಿಸಿದರೆ ಗಾಡಿ ಸೀದಾ ಠಾಣೆಗೆ.

ಮೊದಲಿನ ಹಾಗೆ ಮಾಡುವುದು ಡೊಂಬಯ್ಯನಿಗೆ ದೊಡ್ಡದಲ್ಲ. ದೊಡ್ಡದಿದ್ದದ್ದು ಹಿಂದಿನ ಸೀಟಿನಲ್ಲಿ. ಮೋನುವಿನ ಹೆಂಡತಿ ನೆಬೀಸಳ ಕೆಂಪು ಹೇಂಟೆ ಅಲ್ಲಿ ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು.

"ಅದನ್ನು ಬುಟ್ಟಿಗೆ ಹಾಕು," ಎಂದ ಮೋನು.

"ಕಾವಿಗೆ ಕೂತದ್ದನ್ನು ಎಬ್ಬಿಸ್ಲಿಕ್ಕೆ ಉಂಟಾ? ಇಪ್ಪತ್ತೊಂದು ದಿವಸ ಅದರ ಜಾಗ ಅದಕ್ಕೆ. ನನ್ನ ಉಮ್ಮ ಯಾವತ್ತೂ ಎಬ್ಬಿಸಿದವಳಲ್ಲ."

"ಇದು ಸರ್ಕಾರದ ಕಾನೂನು ಮಾರಾಯ್ತಿ!"

"ಹಾಗಾದರೆ ಸರ್ಕಾರವೇ ಬಂದು ಮೊಟ್ಟೆಯ ಮೇಲೆ ಕೂರಲಿ."

ಕೊನೆಗೆ ನಾಲ್ಕು ಜನ ಸೇರಿ ಹೇಂಟೆ ಸಮೇತ ಕಾರಿನ ಗೂಡನ್ನು ಎತ್ತಿ, ಮದುಮಗಳನ್ನು ಕೂರಿಸುವ ಹಾಗೆ ಮೆಲ್ಲಗೆ ಹಲಗೆಯ ಮೇಲೆ ಕೂರಿಸಿ, ಕಬ್ಬಿಣದ ಸರಿಗೆ ಬಿಗಿದರು.

ಗುರುವಾರ ಮಹೇಶ್ವರರು ಬಂದು ಹಿಂದಿನ ಬಾಗಿಲು ತೆಗೆದು ಕೈ ಹಾಕಿದರು. ಹೇಂಟೆ ಕುಕ್ಕಿತು.

"ಖಾಸಗಿ ಕಾರಲ್ಲಿ ಸರಕು ಸಾಗಿಸುವ ಹಾಗಿಲ್ಲ!"

"ಸರಕಲ್ಲ ಸ್ವಾಮಿ, ಮನೆಯವರು," ಎಂದ ಮೋನು.

ಬಾಗಿಲ ಮರೆಯಿಂದ ನೆಬೀಸ ಕೂಗಿದಳು: "ಕೂತು ಹತ್ತು ದಿವಸ ಆಯ್ತು!"

ಮಹೇಶ್ವರರ ಮುಖ ಸಡಿಲವಾಯಿತು. ಅವರೂ ಕೋಳಿ ಸಾಕಿದ ಮನೆಯವರೇ. ಬೆರಳು ಮಡಚಿ ಲೆಕ್ಕ ಹಾಕಿದರು. ಸೀಟು ನಾಲ್ಕು, ಸರಿ ಎಂದು ಬರೆದರು. ಕಡಿಯಲು ಅನುಮತಿ ಉಂಟು, ಹನ್ನೊಂದು ದಿವಸ ಕಳೆದ ಮೇಲೆ ಎಂದೂ ಬರೆದರು.

"ಸ್ವಾಮಿ, ನನ್ನ ಮೀನು ನಾಳೆಯೇ ಹೋಗಬೇಕು!"

"ಮೊಟ್ಟೆ ಹಾಳು ಮಾಡಿದ ಪಾಪ ನನಗೆ ಬೇಡ ಮಾರಾಯ್ರೆ."

"ಹಾಗಾದರೆ ಬ್ರೇಕನ್ನಾದರೂ ಒಮ್ಮೆ ನೋಡಿ. ಹೊಸದು."

"ಅದು ಈ ಅರ್ಜಿಯಲ್ಲಿ ಇಲ್ಲ," ಎಂದು ಬ್ರೇಕ್ ಇನ್‌ಸ್ಪೆಕ್ಟರು ಪೆನ್ನು ಮುಚ್ಚಿದರು.

ಆ ಹನ್ನೊಂದು ದಿವಸ ಕಾನೂನುಬದ್ಧ ಕಾರು ಅಂಗಳದಲ್ಲೇ ನಿಂತಿತು. ಬೇರೆಯವರ ಲಾರಿಗಳು ಸುಳ್ಯದ ಅಟ್ಟಗಳನ್ನು ತುಂಬಿಸಿದವು. ಒಂಬತ್ತನೆಯ ದಿವಸ ಮಳೆ ಹಿಡಿಯಿತು. ಹನ್ನೊಂದನೆಯ ದಿವಸ ಹನ್ನೊಂದಕ್ಕೆ ಹನ್ನೊಂದೂ ಮೊಟ್ಟೆ ಒಡೆದು ಮರಿ ಬಂದವು. ನೆಬೀಸ ಗಂಡನ ಮುಖ ನೋಡಿದಳು. ಅವನು ಮಳೆ ನೋಡುತ್ತಿದ್ದ.

ಮರುದಿನ ಡೊಂಬಯ್ಯ ಸರಿಗೆ ಬಿಚ್ಚಿ ಗೂಡನ್ನು ಇಳಿಸಿದ. ಮೋನು ಗೋಣಿ ಹೇರಿ, ಟಾರ್ಪಾಲು ಹೊದೆಸಿ, ಅರ್ಧ ಬೆಲೆಗಾದರೂ ಹೋಗಲಿ ಎಂದು ಹೊರಟ. ಗೇಟಿನ ಹತ್ತಿರ ಕೆಂಪು ಹೇಂಟೆ ಹನ್ನೊಂದು ಮರಿಗಳನ್ನು ಹಿಂದಿಟ್ಟುಕೊಂಡು ಅಡ್ಡ ಬಂತು. ಅವನು ಬ್ರೇಕ್ ಒತ್ತಿದ. ಆ ಕೆಸರಲ್ಲೂ ಗಾಡಿ ಒಂದು ಗೇಣೂ ಜಾರದೆ ನಿಂತಿತು.

ಹೇಂಟೆ ಚಕ್ರವನ್ನೊಮ್ಮೆ, ಅವನನ್ನೊಮ್ಮೆ ನೋಡಿ, ನಿಧಾನಕ್ಕೆ ದಾಟಿತು. ಆ ಬ್ರೇಕನ್ನು ಪರೀಕ್ಷಿಸಿ ಪಾಸು ಮಾಡಿದ್ದು ಅದೊಂದೇ.