ಅಂತೋಣಿಯಮ್ಮ ಉಗುಳಿದ ಬಕೆಟ್ಟು

ನಾನು ಒಂದು ಬಕೆಟ್ಟು. ಕೋಲಾರದ ತಗಡಿನ ಸಾಬರು ಬುಡದ ಅಂಚು ಮಡಚಿ ಮಡಿಕೆ ಹಾಕಿ, ಬಡಿದು ನನ್ನನ್ನು ಮಾಡಿದರು. "ನೀರು ತುಂಬ್ಕೊಂಡು ತಣ್ಣಗಿರು" ಅಂತ ಹರಸಿ ಮಾರಿದರು. ಹರಕೆ ಎಲ್ಲಿ ಫಲಿಸಬೇಕು? ಚಿನ್ನದ ಗಣಿ ಊರಿನ ಬಾಕ್ಸಿಂಗ್ ಕ್ಲಬ್ಬಿನವರು ಕೊಂಡು ರಿಂಗಿನ ಮೂಲೆಯಲ್ಲಿ ಕೂರಿಸಿದರು. ಗಂಡಸರು ಗುದ್ದಾಡಿ ಬಂದು, ಬಾಯಿ ಮುಕ್ಕಳಿಸಿ ನನ್ನೊಳಗೆ ಉಗುಳೋದು. ರಕ್ತ, ಕಫ, ಒಮ್ಮೊಮ್ಮೆ ಹಲ್ಲು. ಥೂ! ಚಾಂಪಿಯನ್ ಬೆಂಜಮಿನ್ ಅಂತೂ ಬೀಡಿ ಮೋಟನ್ನೂ ನನಗೇ ತಿನ್ನಿಸುತ್ತಿದ್ದ.

ಕ್ಲಬ್ಬಿನ ಗೋಡೆ ಮೇಲೊಂದು ಹಲಗೆ ಇತ್ತು. ದುಡ್ಡಿನ ಪಂದ್ಯ ಗೆದ್ದವರ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆಯೋರು. ಗಣಿಯಲ್ಲಿ ಕಲ್ಲು ಹೊರುತ್ತಿದ್ದ ಅಂತೋಣಿಯಮ್ಮನ ಕಣ್ಣು ಆ ಹಲಗೆ ಮೇಲೆ. ಅಣ್ಣಂದಿರ ಜೊತೆ ಗುದ್ದಾಡಿ ಕಲಿತ ಹುಡುಗಿ. ಆ ವರ್ಷ ಊರಿಗೆ ಸರ್ಕಸ್ ಬಂತು. ಅದರಲ್ಲಿ ರೋಸಿ ಅಂತ ಒಬ್ಬಳು ಬಾಕ್ಸಿಂಗ್ ಆಡುತ್ತಿದ್ದಳು. ಹೆಂಗಸರ ಪಂದ್ಯ ಇಟ್ಟರೆ ಟಿಕೀಟು ಚೆನ್ನಾಗಿ ಹೋಗುತ್ತೆ ಅಂತ ಸೆಕ್ರೆಟರಿ ದೊರೈರಾಜ್ ಅಂತೋಣಿಯಮ್ಮನನ್ನು ಕರೆಸಿದ.

"ಗೆದ್ರೆ ಹಲಗೆ ಮೇಲೆ ನನ್ನ ಹೆಸರು ಬರೀತೀರಾ ಸಾರ್?"

"ಬರೀದೆ ಏನಮ್ಮ. ಮೊದ್ಲು ಗೆಲ್ಲು."

ಹೆಂಗಸರು ದುಡ್ಡಿಗೆ ಗುದ್ದಾಡಿದ್ದು ಆ ಊರಲ್ಲಿ ಅದೇ ಮೊದಲು. ಕಾಲಿಡೋಕೆ ಜಾಗವಿಲ್ಲದಷ್ಟು ಜನ. ಬಂದದ್ದು ಆಟ ನೋಡೋಕಲ್ಲ, ಮೊಣಕಾಲು ನೋಡೋಕೆ. ಅವರ ಬಾಯಲ್ಲಿ ಬಂದ ಹೊಲಸು ಮಾತು ಕೇಳಿ, ನನ್ನೊಳಗಿನ ಹೊಲಸೇ ವಾಸಿ ಅನ್ನಿಸಿತು. ನಾಲ್ಕನೇ ಸುತ್ತಲ್ಲಿ ಅಂತೋಣಿಯಮ್ಮನ ತುಟಿ ಒಡೆಯಿತು. ಬಂದು ನನ್ನೊಳಗೆ ಉಗುಳಿದಳು. ಐದನೆಯದರಲ್ಲಿ ಎಡಗೈಲಿ ಒಂದು ಬಿಗಿದಳು ನೋಡಿ, ಹತ್ತು ಎಣಿಸಿದರೂ ರೋಸಿ ಏಳಲಿಲ್ಲ. ಸಿಳ್ಳೆ ಹಾಕುತ್ತಿದ್ದವರೆಲ್ಲ ಬಾಗಿಲ ಕಡೆ ನಡೆದರು.

ಮಾರನೇ ದಿನ ಬೆಂಜಮಿನ್ ನನ್ನನ್ನು ಕಾಲಲ್ಲಿ ಒದ್ದ. "ಹೆಂಗಸು ಉಗುಳಿದ ಬಕೆಟ್ಟಲ್ಲಿ ನಾನು ಉಗುಳಲ್ಲ. ಬೇರೆ ತರಿಸಿ." ಏನು ಮಡಿ ಈ ಮಹಾನುಭಾವನದು! ಊರ ಎಂಜಲ ಮೇಲೆ ಬೀಡಿ ಮೋಟು ಎಸೆದವನು.

ಅಷ್ಟರಲ್ಲಿ ಅಂತೋಣಿಯಮ್ಮ ಹಲಗೆ ನೋಡೋಕೆ ಬಂದಳು. ಹೆಸರಿರಲಿಲ್ಲ.

"ಅದು ಪಂದ್ಯ ಅಲ್ಲಮ್ಮ, ಬರೀ ಷೋ," ಅಂದ ದೊರೈರಾಜ್. "ಬೇಕಾದ್ರೆ ಈ ಬಕೆಟ್ಟು ತಗೊಂಡೋಗು. ನಮಗಂತೂ ಬೇಡ."

ಊದಿದ ತುಟಿ ಕಚ್ಚಿಕೊಂಡು ನನ್ನನ್ನು ಎತ್ತಿಕೊಂಡಳು. ಮನೆಯಲ್ಲಿ ಬೂದಿ ಹಾಕಿ ಮೂರು ಸಲ ಉಜ್ಜಿದಳು. ನಲವತ್ತು ವರ್ಷ ನಲ್ಲಿ ನೀರು ಹೊತ್ತೆ. ಸಾಬರ ಹರಕೆ ಕೊನೆಗೂ ಫಲಿಸಿತು. ಅವಳು ಎಲೆಅಡಿಕೆ ಅಗಿಯೋ ಅಜ್ಜಿಯಾದಳು, ನನ್ನ ಹಿಡಿ ತುಕ್ಕು ಹಿಡಿಯಿತು.

ಒಂದು ದಿನ ಕ್ಲಬ್ಬಿನ ಹೊಸ ಸೆಕ್ರೆಟರಿ ಬಂದ. "ಅಜ್ಜಿ, ಚಾಂಪಿಯನ್ ಬೆಂಜಮಿನ್ ಉಗುಳ್ತಿದ್ದ ಬಕೆಟ್ಟು ನಿಮ್ಮತ್ರ ಇದೆಯಂತೆ. ಗಾಜಿನ ಬೀರುವಲ್ಲಿ ಇಡ್ತೀವಿ, ಕೊಡಿ."

"ಹಲಗೆ ಮೇಲೆ ನನ್ನ ಹೆಸರು ಬರೀತೀಯೇನಪ್ಪ?"

"ಅದು ಬರೀ ಷೋ ಅಂತೆ ಅಜ್ಜಿ."

ಅಜ್ಜಿ ನೀರು ಚೆಲ್ಲಿದಳು. ಬಗ್ಗಿ, ಬಾಯಲ್ಲಿದ್ದ ಎಲೆಅಡಿಕೆಯನ್ನೆಲ್ಲ ನನ್ನೊಳಗೆ ಉಗುಳಿದಳು. "ಈಗ ತಗೊಂಡೋಗು." ಜನ್ಮದಲ್ಲಿ ಅದೊಂದು ಉಗುಳು ನನಗೆ ಅಸಹ್ಯವಾಗಲಿಲ್ಲ.

ಈಗ ಬೀರುವಿನಲ್ಲಿದ್ದೇನೆ. ಎಷ್ಟು ತೊಳೆದರೂ ಬುಡದ ಮಡಿಕೆಯಲ್ಲಿ ಎಲೆಅಡಿಕೆ ಕೆಂಪು ಉಳಿದುಬಿಟ್ಟಿದೆ. ಬಂದವರಿಗೆಲ್ಲ ಸೆಕ್ರೆಟರಿ ಬಾಗಿಲು ತೆಗೆದು, "ಚಾಂಪಿಯನ್ ಬಾಯಿಂದ ಬಿದ್ದದ್ದು" ಅಂತ ತೋರಿಸುತ್ತಾನೆ. ಗಂಡಸರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವನು ಹೇಳೋದರಲ್ಲಿ ಸುಳ್ಳೇನಿಲ್ಲ.