ಮೀನಿಗೆ ಹೊದಿಸಿದ ಕಂಬಳಿ

ನಾನು ಮೀನಿನ ತೊಟ್ಟಿಯ ನೀರು ಕಾಯಿಸುವ ಹೀಟರು. ಗೇಣುದ್ದದ ಗಾಜಿನ ಕೊಳವೆ, ಒಳಗೆ ತಂತಿಯ ಸುರುಳಿ, ಸುರುಳಿಯ ಸುತ್ತ ಮರಳು, ನೆತ್ತಿಯಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ, ಬೆಂಕಿಯ ಮುಂದೆ. ಕಾದ ಗಾಜಿನ ಬಾಯಿ ಮುಚ್ಚುತ್ತಿದ್ದ ಹುಡುಗಿಯೊಬ್ಬಳ ಬೆರಳಿನ ಚರ್ಮ ಸುಲಿದು ನನ್ನ ಮೈಗೆ ಅಂಟಿಕೊಂಡಿತು. ಮೇಸ್ತ್ರಿ ಓಡಿ ಬಂದ. ಅವಳ ಬೆರಳು ನೋಡಲಿಲ್ಲ. ನನಗೇನಾದರೂ ಕಲೆ ಬಿತ್ತೇ ಎಂದು ತಿರುಗಿಸಿ ತಿರುಗಿಸಿ ನೋಡಿದ. ಗಾಜಿಗಿರುವ ಬೆಲೆ ಚರ್ಮಕ್ಕಿಲ್ಲ ಎಂಬುದು ನಾನು ಕಲಿತ ಮೊದಲ ಪಾಠ.

ಅಲ್ಲಿಂದ ಬೆಳಗಾವಿಯ ಒಂದು ಅಂಗಡಿಗೆ ಬಂದು ಮೊಳೆಗೆ ತೂಗಿದೆ. ಬೇಸಗೆಯಲ್ಲಿ ನನ್ನನ್ನು ಕೇಳುವವರಿಲ್ಲ. ಚಳಿ ಬಿದ್ದು, ಊರ ಮಂದಿ ಕಿವಿಗೆ ಮಫ್ಲರು ಸುತ್ತಿಕೊಂಡು ಓಡಾಡತೊಡಗಿದಾಗ ಮಲಗೌಡ ಬಂದ. ಹೊಳೆಯ ಮರಳು ಬಗೆದು ಮಾರುವ ಗುತ್ತಿಗೆದಾರ ಅವನು. ನನ್ನ ಹೊಟ್ಟೆಯಲ್ಲೂ ಮರಳು. ಹೀಗಾಗಿ ಅವನಿಗೂ ನನಗೂ ಒಂದು ಥರ ನಂಟು.

ಅವನ ಪಡಸಾಲೆಯಲ್ಲಿ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಗಾಜಿನ ದೊಡ್ಡ ತೊಟ್ಟಿ. ಅದರೊಳಗೆ ಮೊಳದುದ್ದದ ಬೆಳ್ಳಿ ಬಣ್ಣದ ಅರೋವಾನ ಮೀನು. ವಾಸ್ತು ಹೇಳುವವನು ಮಲಗೌಡನ ಕಿವಿಯಲ್ಲಿ ಊದಿದ್ದ: ‘ನಿಮಗ ಬರೋ ಸಾವು ಈ ಮೀನ ತಗೊಂಡು ಹೋಕ್ಕೈತಿ. ಆದರ ಚಳಿಗೆ, ಹಸಿವಿಗೆ ಸಾಯಬಾರದು ನೋಡ್ರಿ. ಹಂಗ ಸತ್ತರ ಸಾವು ಎರಡು ಪಟ್ಟಾಗಿ ತಿರುಗಿ ನಿಮ್ಮ ಮ್ಯಾಲೆ ಬರತೈತಿ.’ ಹೊಳೆಯ ಹೊಟ್ಟೆ ಬಗೆದವನಿಗೆ ವೈರಿಗಳು ಕಡಿಮೆಯೇ? ನಂಬಿಬಿಟ್ಟ. ಅಂದಿನಿಂದ ಅವನ ಜೀವ ನನ್ನ ಕೆಂಪು ದೀಪದಲ್ಲಿತ್ತು.

ನೀರೊಳಗಿನ ಬದುಕೂ ಸೌಮ್ಯವಾಗಿರಲಿಲ್ಲ. ದಿನಾ ಮುಂಜಾನೆ ಒಂದು ಹಿಡಿ ಸಣ್ಣ ಮೀನುಗಳನ್ನು ಜೀವಂತ ಎಸೆಯುತ್ತಿದ್ದರು. ಅವು ಅರೋವಾನಕ್ಕೆ ಅಂಜಿ ನನ್ನ ಹಿಂದೆ ಅಡಗುತ್ತಿದ್ದವು. ಹೊರಗೆ ಹೋದರೆ ಹಲ್ಲು, ನನಗೆ ಆತುಕೊಂಡರೆ ಸುಡುವ ಗಾಜು. ಕೆಲವು ಬೆಂದು ಸಾಯುತ್ತಿದ್ದವು. ಮಲಗೌಡ ಕುರ್ಚಿ ಹಾಕಿಕೊಂಡು ನೋಡಿ ನಗುತ್ತಿದ್ದ.

ಅವನ ಮನೆಗೆಲಸದವಳು ಲಗಮವ್ವ. ಅವಳ ಗಂಡ ಮಲಗೌಡನ ಮರಳಿನ ಗುಂಡಿಯಲ್ಲೇ ದಂಡೆ ಕುಸಿದು ಹೂತುಹೋದವನು. ಅವನ ಸಾವನ್ನು ತಗೊಂಡು ಹೋಗಲು ಯಾವ ಮೀನೂ ಇರಲಿಲ್ಲ. ಅವನು ಬಿಟ್ಟುಹೋದದ್ದು ಎರಡೇ: ಒಂದು ಎಳೆಗೂಸು, ಒಂದು ಕರಿ ಕಂಬಳಿ. ಆ ಕಂಬಳಿಯಲ್ಲಿ ಕೂಸನ್ನು ಸುತ್ತಿ ಪಡಸಾಲೆಯ ಬಾಗಿಲ ಬಳಿ ಮಲಗಿಸಿ, ಲಗಮವ್ವ ತಣ್ಣೀರಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಅವಳ ಕೈ ಒಡೆದು ರಕ್ತ ಜಿನುಗುತ್ತಿತ್ತು. ನನ್ನ ನೀರು ಸದಾ ಬೆಚ್ಚಗಿರುತ್ತಿತ್ತು.

ಒಂದು ದಿನ ಗಾಳಿಗೆ ಲೈನು ಹರಿದು ಮುಂಜಾನೆಯೇ ಕರೆಂಟು ಹೋಯಿತು. ನನ್ನ ದೀಪ ಆರಿತು. ಮಧ್ಯಾಹ್ನದ ಹೊತ್ತಿಗೆ ನೀರು ತಣ್ಣಗಾಗಿ ಅರೋವಾನ ಒಂದು ಮಗ್ಗುಲಿಗೆ ವಾಲಿತು. ಮಲಗೌಡನ ಮುಖದಲ್ಲಿ ರಕ್ತ ಇರಲಿಲ್ಲ.

“ಏ ಲಗಮಿ, ಹಂಡೆದಾಗಿನ ಬಿಸಿನೀರ ತಾ.”

“ಒಲಿ ಈಗ ಹೂಡೇನ್ರಿ ಸಾವಕಾರ್ರ. ನೀರ ಕಾಯಬೇಕಲ್ಲ?”

ಅವನು ಕಾಯಲಿಲ್ಲ. ಬಿಸಿನೀರಿಗೆ ಜಾಗ ಬೇಕೆಂದು ತೊಟ್ಟಿಯ ತಣ್ಣೀರನ್ನು ತಾನೇ ಬಕೇಟಿಗೆ ಮೊಗೆದ. ನೀರು ಇಳಿದು ನನ್ನ ಮೈ ಬತ್ತಲಾಯಿತು. ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು. ಕರೆಂಟು ಇಲ್ಲದಾಗ ಸ್ವಿಚ್ಚಿನ ಕಡೆ ಯಾರು ನೋಡುತ್ತಾರೆ?

ಆಮೇಲೆ ಅವನ ಕಣ್ಣು ಕಂಬಳಿಯ ಮೇಲೆ ಬಿತ್ತು.

“ಅದನ್ನ ತಾ ಇಲ್ಲೆ. ತೊಟ್ಟಿಗೆ ಸುತ್ತೂನು.”

“ಕೂಸಿನ ಮ್ಯಾಲಿಂದು ರೀ ಅದು.”

“ಕೂಸಿಗೆ ನಿನ್ನ ಮೈ ಐತಿ. ಮೀನಿಗೆ ಯಾರದಾರ?”

ಲಗಮವ್ವ ಅಡ್ಡ ನಿಂತಳು. ಅವನ ಬಲಗೈ ಅವಳ ಕೆನ್ನೆಗೆ ಬಿದ್ದ ಸಪ್ಪಳ ತೊಟ್ಟಿಯೊಳಗೂ ಕೇಳಿಸಿತು. ಅವಳ ತುಟಿ ಹರಿಯಿತು. ಅವನು ಬಗ್ಗಿ ಕಂಬಳಿಯ ಚುಂಗು ಹಿಡಿದು ಜಗ್ಗಿದ. ಕೂಸು ಹಾಸುಗಲ್ಲಿನ ಮೇಲೆ ಉರುಳಿತು. ಮೊದಲು ಚೀರಿತು, ಆಮೇಲೆ ಚೀರಲೂ ಆಗದೆ ನಡುಗಿತು. ಅದರ ತುಟಿ ನೀಲಿಗಟ್ಟುವುದನ್ನು ನಾನು ಗಾಜಿನಾಚೆ ನೋಡಿದೆ, ಕಂಬಳಿ ನನ್ನ ಕಣ್ಣು ಮುಚ್ಚುವವರೆಗೆ.

ಆಗ ಕರೆಂಟು ಬಂತು.

ನೀರಿಲ್ಲದೆ ನಾನು ಕಾದೆ. ಸುರುಳಿ ಕೆಂಪಾಯಿತು, ಗಾಜು ಚಿಟಿಚಿಟಿ ಅಂದಿತು. ಮೇಲಿನಿಂದ ಇಣುಕಿದ ಮಲಗೌಡ ಗಾಬರಿಬಿದ್ದು ಬಕೇಟಿನ ತಣ್ಣೀರನ್ನೇ ನನ್ನ ಮೇಲೆ ಸುರಿದ. ನಾನು ಸಿಡಿದೆ. ಬರಿ ತಂತಿ ನೀರಿಗೆ ಬಿತ್ತು. ಮೀನು ಬಿಲ್ಲಿನಂತೆ ಬಾಗಿ ಗಾಜಿಗೆ ಬಡಿಯಿತು. ತನ್ನ ಸಾವು ತಿರುಗಿ ಬಂತೆಂದುಕೊಂಡ ಅವನು ಮೀನನ್ನು ಎತ್ತಲು ಬಲಗೈ ಹಾಕಿದ. ಬರಿಗಾಲು, ತೊಯ್ದ ನೆಲ. ಕರೆಂಟು ಅವನ ಕೈಯನ್ನು ಹಾಗೇ ಹಿಡಿದುಕೊಂಡಿತು. ಹಲ್ಲು ಕಟ್ಟಿ, ಕಣ್ಣು ಮೇಲೇರಿ, ಆ ದೊಡ್ಡ ದೇಹ ಗಾಳಿಪಟದಂತೆ ಪಟಪಟಿಸಿತು. ಆ ಹೊಡೆತಕ್ಕೆ ಕಂಬಳಿ ಒಂದು ಕಡೆ ಜಾರಿ, ನನಗೆ ಮತ್ತೆ ಗಾಜಿನಾಚೆ ಕಂಡಿತು.

ಸ್ವಿಚ್ಚು ಲಗಮವ್ವನ ಹೆಗಲಿನ ಪಕ್ಕದಲ್ಲೇ ಇತ್ತು.

ಅವಳು ಸ್ವಿಚ್ಚು ಮುಟ್ಟಲಿಲ್ಲ. ಮೂಲೆಯ ಬಿದಿರು ಕೋಲು ತಗೊಂಡು, ತೊಟ್ಟಿಯ ಮೇಲಿನ ಕಂಬಳಿಯನ್ನು ತನ್ನ ಕಡೆ ಎಳೆದುಕೊಂಡಳು. ತೊಯ್ದ ಅಂಚನ್ನು ಹೊರಗೆ ಮಡಚಿ, ಒಣಗಿದ ಮಗ್ಗುಲಲ್ಲಿ ಕೂಸನ್ನು ಸುತ್ತಿ ಎದೆಗೆ ಒತ್ತಿ ಹಿಡಿದಳು. ಕೂಸು ಮುಲುಗಿತು. ಆಮೇಲೆ ಕೋಲಿನ ತುದಿಯಿಂದ ಸ್ವಿಚ್ಚು ಒತ್ತಿದಳು.

ಮಲಗೌಡ ಕಡಿದ ಮರದಂತೆ ಬಿದ್ದ. ಸಾಯಲಿಲ್ಲ. ಬಲಗೈ ಮಾತ್ರ ಮೊಣಕೈವರೆಗೆ ಕರಕಲಾಗಿ, ಮುಂದೆ ಯಾರ ಕೆನ್ನೆಗೂ ಏಳದಂತಾಯಿತು.

ಅವನನ್ನು ಆಸ್ಪತ್ರೆಗೆ ಒಯ್ದರು. ಮನೆಯಲ್ಲಿ ಮಂದಿ ನೆರೆಯಿತು. ಸತ್ತ ಮೀನಿಗೆ ಕೈಮುಗಿದರು. “ಸಾವಕಾರ್ರ ಸಾವು ತಗೊಂಡು ಹೋತು ನೋಡ್ರಿ, ದೇವರಂಥಾ ಮೀನ” ಅಂದರು. ಅವನ ಹೆಂಡತಿ ಶಕುಂತಲಾ ಅರಿಷಿಣ ಕುಂಕುಮ ಹಚ್ಚಿ, ತೆಂಗಿನ ಬುಡದಲ್ಲಿ ಹುಗಿಯಲು ಗುಂಡಿ ತೋಡಿಸಿದಳು. ಒಡೆದ ನನ್ನನ್ನು ಮೊರದಲ್ಲಿ ಬಳಿದುಕೊಳ್ಳುತ್ತಿದ್ದ ಲಗಮವ್ವನ ಕಡೆ ತಿರುಗಿದಳು.

“ಲಗಮವ್ವಾ, ಆ ಕಂಬಳಿ ಕೊಡ. ಮೀನಿಗೆ ಸುತ್ತಿ ಮಣ್ಣ ಮಾಡೂನು. ಹೆಂಗೂ ತೊಯ್ದೈತಿ.”

“ಕೊಡಾಂಗಿಲ್ಲ್ರಿ ಅಕ್ಕಾರ.”

“ಮನಿ ಯಜಮಾನನ ಜೀವ ಉಳಿಸಿದ್ದಕ್ಕ ಒಂದು ಕಂಬಳಿ ದೊಡ್ಡದೇನ?”

“ನನ್ನ ಗಂಡನ್ನ ಗುಂಡ್ಯಾಗಿಂದ ತಗದಾಗ ಒಂದು ಅರಿವಿ ಕೊಟ್ಟಿದ್ರೇನ್ರಿ?”

ಲಗಮವ್ವ ಮೊರವನ್ನು ಅಲ್ಲೇ ಕೆಳಗಿಟ್ಟಳು. ಕಂಬಳಿಯೊಳಗಿನ ಕೂಸನ್ನು ಬಗಲಿಗೆ ಹಾಕಿಕೊಂಡು, ನೆರೆದ ಮಂದಿಯ ನಡುವೆಯೇ ಹೊರಟುಹೋದಳು. ಕೂಸು ಅಳುತ್ತಿತ್ತು. ಗಟ್ಟಿ ದನಿಯ ಅಳು.

ಈಗ ನಾನು ಗುಜರಿಯ ಮೂಲೆಯಲ್ಲಿದ್ದೇನೆ. ತಾಮ್ರದ ತಂತಿ ಕಿತ್ತುಕೊಂಡಿದ್ದಾರೆ, ಹೊಟ್ಟೆಯ ಮರಳು ನೆಲದ ಪಾಲಾಗಿದೆ. ಮಲಗೌಡ ಎಡಗೈಯಲ್ಲಿ ಇನ್ನೊಂದು ಮೀನು ತಂದಿದ್ದಾನಂತೆ. ಅದಕ್ಕೊಂದು ಹೊಸ ಹೀಟರೂ ಬಂದಿರಬೇಕು. ಮೀನೇ ತನ್ನನ್ನು ಉಳಿಸಿತೆಂದು ಬಂದವರಿಗೆಲ್ಲ ಹೇಳುತ್ತಾನಂತೆ. ಮೀನು ಯಾರನ್ನೂ ಉಳಿಸಲಿಲ್ಲ. ಅದು ಸತ್ತಿತು, ಅಷ್ಟೇ. ಒಡೆದ ತುಟಿಯ ಹೆಣ್ಣೊಬ್ಬಳು ಮೊದಲು ಕೂಸಿಗೆ ಹೊದಿಸಿ, ಆಮೇಲೆ ಸ್ವಿಚ್ಚು ಆರಿಸಿದಳು.

ನನಗೆ ಕೈಗಳಿದ್ದಿದ್ದರೆ ನಾನು ಆರಿಸುತ್ತಿರಲಿಲ್ಲ.